ಮಾತಿನ ಪಕ್ಕಕ್ಕೆ ಬಂದ ಚಿತ್ರ: ಕನ್ನಡ ನಾಡಿನ ಸಚಿತ್ರ ಕಲಾಗ್ರಂಥಗಳು

ಕಲಾಗ್ರಂಥವೆಂದರೆ ಬರಹವೂ ಚಿತ್ರದ ಪ್ರತಿಯೂ ಕೂಡಿದ ಪುಸ್ತಕ. ಕಥೆ, ಕಾವ್ಯಗಳಿಗೆ ಅಕ್ಷರವೊಂದಿದ್ದರೆ ಸಾಕು. ಚಿತ್ರಕಾರನೊಬ್ಬನ ಬಗ್ಗೆ ಅಥವಾ ಕಲಾಪಂಥವೊಂದರ ಬಗ್ಗೆ ಬರೆದದ್ದನ್ನು ಓದುಗ ಒರೆಗೆ ಹಚ್ಚಿ ನೋಡಬೇಕಾದರೆ ಚಿತ್ರ ಅವನ ಕಣ್ಣೆದುರಿಗೇ ಇರಬೇಕು. ಕನ್ನಡ ನಾಡಿನಲ್ಲಿ ಈ ಎರಡೂ ಜೊತೆಯಾಗಿ ಬೆಳೆಯಲಿಲ್ಲ. ಕಲೆಯ ಬಗೆಗಿನ ಕನ್ನಡ ಬರಹ ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲೇ ಗಟ್ಟಿಯಾಗಿ ನಿಂತಿತು. ಒಳ್ಳೆಯ ಬಣ್ಣದ ಪ್ರತಿಗಳು ಅದರ ಪಕ್ಕಕ್ಕೆ ಬಂದು ಸೇರಲು ದಶಕಗಳೇ ಹಿಡಿದವು. ಚಿತ್ರ ಅಚ್ಚುಹಾಕುವ ಲೋಹದ ಬ್ಲಾಕು, ಕಾಗದ, ಹಣ ಈ ಮೂರರ ಕೊರತೆಯೇ ಆ ತಡಕ್ಕೆ ಕಾರಣ.

ಯುರೋಪಿನಲ್ಲಿ ಆಧುನಿಕ ಕಲೆ ಮತ್ತು ಅದರ ಪುಸ್ತಕ ಬಹುಮಟ್ಟಿಗೆ ಒಟ್ಟೊಟ್ಟಿಗೇ ಹುಟ್ಟಿದವು. ಕಾಂಡಿನ್ಸ್ಕಿ ಮತ್ತು ಫ್ರಾಂಜ್ ಮಾರ್ಕ್ 1912ರಲ್ಲಿ ಮ್ಯೂನಿಕ್‌ನಿಂದ ಹೊರತಂದ 'ಡೆರ್ ಬ್ಲಾವೆ ರೈಟರ್' ಸಂಪುಟದಲ್ಲಿ ಕಲಾವಿದರೇ ಬರೆದು, ಚಿತ್ರಗಳನ್ನು ಆಯ್ದು ಜೋಡಿಸಿದ್ದರು. 1936ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯಕ್ಕಾಗಿ ಆಲ್ಫ್ರೆಡ್ ಬಾರ್ ಸಿದ್ಧಪಡಿಸಿದ 'ಕ್ಯೂಬಿಸಂ ಅಂಡ್ ಅಬ್‌ಸ್ಟ್ರಾಕ್ಟ್ ಆರ್ಟ್' ಪ್ರದರ್ಶನವೊಂದರ ಕೈಪಿಡಿಯಾಗಿ ಹುಟ್ಟಿ, ಪಂಥಗಳ ವಂಶಾವಳಿಯನ್ನೇ ರೂಪಿಸಿತು. ಸ್ವಿಟ್ಜರ್ಲೆಂಡಿನ ಆಲ್ಬರ್ಟ್ ಸ್ಕೀರಾ ಬಣ್ಣದ ಪ್ರತಿಗಳನ್ನು ಬೇರೆಯಾಗಿ ಅಚ್ಚುಹಾಕಿಸಿ ಪುಟಪುಟಕ್ಕೂ ಅಂಟಿಸಿದ ಪುಸ್ತಕಗಳನ್ನು ಪ್ರಕಟಿಸಿದ. 1958ರಲ್ಲಿ ಆರಂಭವಾದ ಲಂಡನ್ನಿನ ಥೇಮ್ಸ್ ಅಂಡ್ ಹಡ್ಸನ್ ಸಂಸ್ಥೆಯ 'ವರ್ಲ್ಡ್ ಆಫ್ ಆರ್ಟ್' ಮಾಲೆ ಇಂಥ ಪುಸ್ತಕವನ್ನು ವಿದ್ಯಾರ್ಥಿಯ ಕೈಗೆಟುಕುವಂತೆ ಮಾಡಿತು.

ಭಾರತದಲ್ಲಿ ಈ ಕೆಲಸದ ಮೊದಲ ನೆಲೆ ಕಲ್ಕತ್ತ. ಛಾಯೆಯ ಏರಿಳಿತವನ್ನು ಸಣ್ಣ ಚುಕ್ಕಿಗಳಾಗಿ ಒಡೆದು ಲೋಹದ ಬ್ಲಾಕಿನ ಮೇಲೆ ಕೊರೆಯುವ ಹಾಫ್‌ಟೋನ್ ವಿಧಾನದಲ್ಲಿ ಉಪೇಂದ್ರಕಿಶೋರ್ ರಾಯ್ ಅಲ್ಲಿ ಪ್ರಯೋಗಗಳನ್ನು ನಡೆಸಿ ಹೆಸರಾಗಿದ್ದರು. ರಾಮಾನಂದ ಚಟರ್ಜಿಯವರ 'ಮಾಡರ್ನ್ ರಿವ್ಯೂ' ಪತ್ರಿಕೆ ಬಂಗಾಳ ಪಂಥದ ಚಿತ್ರಗಳನ್ನು ಬಣ್ಣದಲ್ಲೇ ದೇಶದಾದ್ಯಂತ ಹಂಚಿತು. ಕನ್ನಡ ನಾಡಿನ ಮೊದಲ ಪ್ರಮುಖ ಆಧುನಿಕ ಚಿತ್ರಕಾರ ಕೆ. ವೆಂಕಟಪ್ಪ (1886–1965) ಪುಸ್ತಕದೊಳಕ್ಕೆ ಬಂದದ್ದೂ ಈ ದಾರಿಯಿಂದಲೇ. ಮೈಸೂರು ಅರಮನೆಯ ಚಿತ್ರಗಾರರ ಮನೆತನದಲ್ಲಿ ಹುಟ್ಟಿದ ಅವರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಕಲ್ಕತ್ತಕ್ಕೆ ಹೋಗಿ ಬಂಗಾಳ ಪಂಥದ ಮುಂದಾಳು ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಸೋದರಿ ನಿವೇದಿತಾ ಆರಂಭಿಸಿ, ಅವರ ಮರಣಾನಂತರ ಆನಂದ ಕುಮಾರಸ್ವಾಮಿ ಮುಗಿಸಿದ 'ಮಿತ್ಸ್ ಆಫ್ ದಿ ಹಿಂದೂಸ್ ಅಂಡ್ ಬುದ್ಧಿಸ್ಟ್ಸ್' 1913ರಲ್ಲಿ ಲಂಡನ್ನಿನಿಂದ ಪ್ರಕಟವಾಯಿತು. ಅದರ 32 ಬಣ್ಣದ ಚಿತ್ರಗಳಲ್ಲಿ ನಂದಲಾಲ್ ಬೋಸ್, ಅಸಿತ್ ಕುಮಾರ್ ಹಾಲ್ದಾರ್ ಮೊದಲಾದವರ ಕೃತಿಗಳ ಜೊತೆಗೆ ವೆಂಕಟಪ್ಪನವರು ಬರೆದ ರಾಮಾಯಣದ ದೃಶ್ಯಗಳೂ ಇವೆ. ಮರುವರ್ಷ ಬಂದ ಅವನೀಂದ್ರನಾಥರ ಭಾರತೀಯ ಅಂಗರಚನೆಯ ಕಿರುಹೊತ್ತಗೆಗೆ ರೇಖಾಚಿತ್ರಗಳನ್ನು ಒದಗಿಸಿದವರು ನಂದಲಾಲ್ ಮತ್ತು ವೆಂಕಟಪ್ಪ.

ಆ ಮೇಲೆ ವೆಂಕಟಪ್ಪ ಮೈಸೂರಿಗೆ ಮರಳಿದರು. ಊಟಿ, ಕೊಡೈಕೆನಾಲ್‌ಗಳ ಬೆಟ್ಟ, ಮಂಜು, ಕೆರೆಗಳನ್ನು ಜಲವರ್ಣದಲ್ಲಿ ಬರೆದರು. ಅರಮನೆಗೆ ಉಬ್ಬುಶಿಲ್ಪಗಳನ್ನು ಮಾಡಿಕೊಟ್ಟರು. 1940ರಲ್ಲಿ ನಾಲ್ವಡಿಯವರು ತೀರಿಕೊಂಡ ನಂತರ ಅರಮನೆಯೊಂದಿಗೆ ಸಂಬಂಧ ಕಡಿದು ಬೆಂಗಳೂರಿಗೆ ಬಂದರು. ಅವರ ಜಲವರ್ಣಗಳ ಜೀವವಿರುವುದು ಒಂದರೊಳಗೊಂದು ಕರಗುವ ತೆಳು ಛಾಯೆಗಳಲ್ಲಿ. ಅದನ್ನು ಹಿಡಿಯಲು ಬಣ್ಣಬಣ್ಣಕ್ಕೂ ಪ್ರತ್ಯೇಕ ಬ್ಲಾಕು ಬೇಕು, ನುಣುಪಾದ ಆರ್ಟ್ ಪೇಪರ್ ಬೇಕು, ಒಂದರ ಮೇಲೊಂದು ಬಣ್ಣವನ್ನು ಕೂದಲೆಳೆಯೂ ಜರುಗದಂತೆ ಕೂರಿಸುವ ಕೈ ಬೇಕು. ಸಾವಿರ ಪ್ರತಿಯೂ ಖರ್ಚಾಗದ ಪುಸ್ತಕಕ್ಕೆ ಅಷ್ಟು ಹಣ ಹೂಡುವ ಪ್ರಕಾಶಕರು ಅಂದಿನ ಕನ್ನಡದಲ್ಲಿ ಸಿಗುವುದು ಕಷ್ಟವಿತ್ತು. ಇಪ್ಪತ್ತೇಳರ ಹರೆಯದಲ್ಲೇ ಲಂಡನ್ನಿನ ಪುಸ್ತಕದಲ್ಲಿ ಬಣ್ಣದಲ್ಲಿ ಅಚ್ಚಾದ ಚಿತ್ರಕಾರನ ಪ್ರೌಢ ಕೃತಿಗಳು ಸ್ವಂತ ನಾಡಿನ ಓದುಗರಿಗೆ ಬಹುಕಾಲ ಕಾಣಸಿಗಲಿಲ್ಲ.

ಚಿತ್ರವಿಲ್ಲದ ಜಾಗವನ್ನು ತುಂಬಿದವರು ಬರಹಗಾರರು. ಶಿವರಾಮ ಕಾರಂತರ 'ಭಾರತೀಯ ಚಿತ್ರಕಲೆ' 1930ರಷ್ಟು ಹಿಂದೆಯೇ ಬಂದಿತ್ತು. ಕಾರಂತರು ಬರಹಗಾರರಷ್ಟೇ ಆಗಿರಲಿಲ್ಲ. ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯ ನಡೆಸಿ, ಪುಸ್ತಕಕ್ಕೆ ಚಿತ್ರ ಬೇಕಾದಾಗ ತಾವೇ ಬರೆದುಕೊಳ್ಳುತ್ತಿದ್ದರು. 1936ರ 'ಬಾಲ ಪ್ರಪಂಚ'ದಿಂದ ಮುಂದಿನ 'ಕಲಾ ಪ್ರಪಂಚ'ದವರೆಗೆ ಅವರ ದುಡಿಮೆಯಲ್ಲಿ ನೋಟಕ್ಕೂ ಮಾತಿಗೂ ಸಮಪಾಲು ಕೊಡುವ ಹಟ ಕಾಣುತ್ತದೆ. ಅ.ನ. ಕೃಷ್ಣರಾಯರು ರಾಜಾ ರವಿವರ್ಮನ ಸ್ಥಾನಮಾನವನ್ನು ಚರ್ಚಿಸಿ ಪುಸ್ತಕ ಬರೆದರು. ರವಿವರ್ಮನ ಕಲ್ಲಚ್ಚಿನ ಪಟಗಳು ಆಗಲೇ ಮನೆಮನೆಯ ಗೋಡೆಯ ಮೇಲಿದ್ದುದರಿಂದ ಆ ಚರ್ಚೆ ಓದುಗರಿಗೆ ಸುಲಭವಾಗಿ ಹತ್ತಿತು. ಪ್ಯಾರಿಸ್ಸಿನ ಕ್ಯೂಬಿಸಂ ಬಗ್ಗೆಯೋ ಶಾಂತಿನಿಕೇತನದ ಹೊಸ ಪ್ರಯೋಗಗಳ ಬಗ್ಗೆಯೋ ಬರೆಯುವವರಿಗೆ ಅಂಥ ಆಸರೆ ಇರಲಿಲ್ಲ. ಓದುಗ ಕಾಣದ ಚಿತ್ರವನ್ನು ಮೊದಲು ಮಾತಿನಲ್ಲಿ ಕಟ್ಟಿಕೊಟ್ಟು, ಆಮೇಲೆ ವಿಮರ್ಶೆಗೆ ಇಳಿಯಬೇಕಿತ್ತು.

ಸ್ವಾತಂತ್ರ್ಯಾನಂತರ ಈ ಖರ್ಚಿಗೆ ಹೆಗಲು ಕೊಟ್ಟದ್ದು ಸರ್ಕಾರಿ ಸಂಸ್ಥೆಗಳು. 1954ರಲ್ಲಿ ದೆಹಲಿಯಲ್ಲಿ ಸ್ಥಾಪನೆಯಾದ ಲಲಿತ ಕಲಾ ಅಕಾಡೆಮಿ ಸಮಕಾಲೀನ ಕಲಾವಿದರ ಮೇಲೆ ತೆಳುವಾದ ಸಚಿತ್ರ ಪುಸ್ತಕಗಳ ಮಾಲೆಯನ್ನು ಆರಂಭಿಸಿತು. ಮೊದಲಿಗೆ ಚಿಕ್ಕದೊಂದು ಪ್ರಬಂಧ, ಅದರ ಹಿಂದೆ ಕಪ್ಪುಬಿಳುಪಿನ ಮತ್ತು ಬಣ್ಣದ ಪ್ಲೇಟುಗಳು, ಅಂದರೆ ಚಿತ್ರದ ಪುಟಗಳು. ಮಾಲೆಯ ಮಾದರಿ ಇಷ್ಟು ಸರಳ. ವೆಂಕಟಪ್ಪನವರ ಕುರಿತ ಪುಸ್ತಕ ಈ ಅಕಾಡೆಮಿಯಿಂದ 1968ರಲ್ಲಿ, ಅವರು ತೀರಿಕೊಂಡ ಮೂರು ವರ್ಷದ ಮೇಲೆ ಹೊರಬಂತು. ಬರೆದವರು ಕನ್ನಡದ ಕವಿ ವಿ. ಸೀತಾರಾಮಯ್ಯ, ಭಾಷೆ ಮಾತ್ರ ಇಂಗ್ಲಿಷ್. ಅಚ್ಚುಮೊಳೆಯ ಕಾಲದಲ್ಲಿ ಹಾಫ್‌ಟೋನ್ ಚಿತ್ರಕ್ಕೆ ಬೇರೆ ಕಾಗದ ಬೇಕಾಗುತ್ತಿದ್ದುದರಿಂದ ಪ್ಲೇಟುಗಳನ್ನೆಲ್ಲ ಒಟ್ಟುಗೂಡಿಸಿ ಪುಸ್ತಕದ ನಡುವೆಯೋ ಕೊನೆಗೋ ಹೊಲಿಯುವುದು ಅಂದಿನ ರೂಢಿ. ಓದುಗ ಒಂದು ಬೆರಳನ್ನು ಬರಹದ ಪುಟದಲ್ಲೂ ಇನ್ನೊಂದನ್ನು ಚಿತ್ರದ ಪುಟದಲ್ಲೂ ಇಟ್ಟುಕೊಂಡು ಹಿಂದೆಮುಂದೆ ತಿರುವಬೇಕಿತ್ತು.

ಮುದ್ರಣದ ಈ ಮಿತಿಯನ್ನೇ ಬಲವಾಗಿಸಿಕೊಂಡ ಪುಸ್ತಕ ಕೆ.ಕೆ. ಹೆಬ್ಬಾರರ (1911–1996) 'ದಿ ಸಿಂಗಿಂಗ್ ಲೈನ್'. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿ, ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲೂ ಪ್ಯಾರಿಸ್ಸಿನಲ್ಲೂ ಕಲಿತ ಹೆಬ್ಬಾರರು ನೃತ್ಯ, ಸಂಗೀತ, ಯಕ್ಷಗಾನಗಳ ಲಯವನ್ನು ರೇಖೆಗಿಳಿಸಿದವರು. 1964ರಲ್ಲಿ ಮುಂಬಯಿಯಿಂದ ಬಂದ ಈ ಸಂಪುಟ ಅವರ ರೇಖಾಚಿತ್ರಗಳದು. ತೈಲವರ್ಣದ ಚಿತ್ರ ಅಚ್ಚಿಗೆ ಹೋದಾಗ ಅದರ ಗಾತ್ರವೂ ಬಣ್ಣದ ದಪ್ಪವೂ ಕಳೆದುಹೋಗುತ್ತವೆ. ಶಾಯಿಯಲ್ಲಿ ಎಳೆದ ಗೆರೆ ಹಾಗಲ್ಲ. ಅದು ಚುಕ್ಕಿಗಳಿಲ್ಲದ, ಗೆರೆಯನ್ನಷ್ಟೇ ಮೂಡಿಸುವ ಲೈನ್ ಬ್ಲಾಕಿನಲ್ಲಿ ಸಾಮಾನ್ಯ ಕಾಗದದ ಮೇಲೂ ಹೆಚ್ಚು ಮುಕ್ಕಾಗದೆ ಮೂಡುತ್ತದೆ. ಆದ್ದರಿಂದ ಈ ಪುಸ್ತಕವನ್ನು ತೆರೆದವರಿಗೆ ಮೂಲ ಚಿತ್ರಕ್ಕೆ ಬಹಳ ಸಮೀಪದ ಅನುಭವವೇ ಸಿಗುತ್ತದೆ. ಕನ್ನಡದ ವಾರಪತ್ರಿಕೆ, ಮಾಸಪತ್ರಿಕೆಗಳಲ್ಲೂ ರೇಖಾಚಿತ್ರ ಗಟ್ಟಿಯಾಗಿ ನೆಲೆಯೂರಿದ್ದಕ್ಕೆ ಇದೂ ಒಂದು ಕಾರಣ.

ಜಗತ್ತಿನ ಆಧುನಿಕ ಕಲೆ ಬೆಂಗಳೂರಿನ ಕಲಾವಿದ್ಯಾರ್ಥಿಗಳಿಗೆ ತಲುಪಿದ್ದು ಹೆಚ್ಚಾಗಿ ಪುಸ್ತಕದ ಅಂಗಡಿಗಳ ಮೂಲಕ. ಬ್ರಿಗೇಡ್ ರಸ್ತೆಯ ಆಸುಪಾಸಿನ ಸೆಲೆಕ್ಟ್ ಬುಕ್‌ಶಾಪ್‌ನಂಥ ಹಳೆಯ ಪುಸ್ತಕದ ಮಳಿಗೆಗಳಲ್ಲಿ ಬೇರೆಯವರ ಸಂಗ್ರಹದಿಂದ ಬಂದ ಕಲಾಗ್ರಂಥಗಳು ಸಿಗುತ್ತಿದ್ದವು. ಇನ್ನೊಂದು ಮೂಲ ಸೋವಿಯತ್ ಒಕ್ಕೂಟ. ಲೆನಿನ್‌ಗ್ರಾಡಿನ ಅರೋರಾ ಪ್ರಕಾಶನ ಹರ್ಮಿಟೇಜ್ ಸಂಗ್ರಹಾಲಯದ ಮತೀಸ್, ಪಿಕಾಸೊ, ಗೋಗ್ಯಾಂ ಚಿತ್ರಗಳನ್ನು ದೊಡ್ಡ ಆಕಾರದ ಬಣ್ಣದ ಆಲ್ಬಂಗಳಾಗಿ ಮುದ್ರಿಸುತ್ತಿತ್ತು. ಸೋವಿಯತ್ ಪುಸ್ತಕಗಳ ಬೆಲೆ ಪಶ್ಚಿಮದ ಪುಸ್ತಕಗಳಿಗಿಂತ ತೀರಾ ಕಡಿಮೆ. 1960ರಲ್ಲಿ ಆರಂಭವಾದ ನವಕರ್ನಾಟಕ ಪ್ರಕಾಶನ ಅವುಗಳನ್ನು ತರಿಸಿ ಕರ್ನಾಟಕದಲ್ಲಿ ಮಾರುತ್ತಿತ್ತು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಈ ಮೂಲ ಬತ್ತಿತು.

ಇದೇ ರಷ್ಯದ ನಂಟಿನ ಮತ್ತೊಂದು ಕೊಂಡಿ ಬೆಂಗಳೂರಿನ ಹೊರವಲಯದಲ್ಲೇ ಇದೆ. ಎಲೆಕ್ಟ್ರಾನಿಕ್ ಸಿಟಿಯ ಪಶ್ಚಿಮಕ್ಕೆ, ಕನಕಪುರ ರಸ್ತೆಯ ತಾತಗುಣಿಯ ಸುಮಾರು 468 ಎಕರೆಯ ತೋಟದಲ್ಲಿ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ (1904–1993) ಮತ್ತು ನಟಿ ದೇವಿಕಾರಾಣಿ ದಶಕಗಳ ಕಾಲ ಬಾಳಿದರು. ದಕ್ಷಿಣ ಭಾರತದ ಕೆಮ್ಮಣ್ಣು, ಬಂಡೆ, ಹೊಲದ ಹೆಂಗಸರು ರೋರಿಕರ ಚಿತ್ರಗಳಲ್ಲಿ ಉಜ್ವಲ ಬಣ್ಣಗಳಲ್ಲಿದ್ದಾರೆ. ಅವರ ಮೇಲೆ ರಷ್ಯನ್ ಮತ್ತು ಇಂಗ್ಲಿಷ್‌ನಲ್ಲಿ ಸಚಿತ್ರ ಸಂಪುಟಗಳು ಬಂದಿವೆ. ಅವರ ಹಾಗೂ ತಂದೆ ನಿಕೊಲಾಯ್ ರೋರಿಕರ ಕೃತಿಗಳಿಗೆ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ಪ್ರತ್ಯೇಕ ಗ್ಯಾಲರಿ ಇದೆ. 

ಕನ್ನಡದಲ್ಲೇ ಕಲಾವಿದರ ಸಚಿತ್ರ ಪರಿಚಯಗಳು ಸಾಲಾಗಿ ಬಂದದ್ದು ಕರ್ನಾಟಕ ಲಲಿತಕಲಾ ಅಕಾಡೆಮಿಯ ಮೂಲಕ. ಧಾರವಾಡ, ಕಲಬುರಗಿ, ಮೈಸೂರು, ಕರಾವಳಿಗಳ ಚಿತ್ರಕಾರರ ಬದುಕು, ಕೃತಿಗಳು ಮೊದಲ ಬಾರಿಗೆ ಪುಸ್ತಕದ ರೂಪ ಪಡೆದದ್ದು ಬಹುಮಟ್ಟಿಗೆ ಅದರ ಪ್ರಕಟಣೆಗಳಲ್ಲಿ. ಇವು ತೆಳು ಪುಸ್ತಕಗಳು. ಚಿತ್ರಗಳೂ ಹಲವು ಕಡೆ ಮಸುಕು. ಆದರೂ ಮೂಲ ಕೃತಿಗಳು ಖಾಸಗಿ ಮನೆಗಳಲ್ಲಿ ಚದುರಿಹೋಗಿರುವಾಗ ಸಂಶೋಧಕರಿಗೆ ಮೊದಲು ಸಿಗುವ ದಾಖಲೆ ಇವೇ. ಖಾಸಗಿ ಪ್ರಕಾಶಕರು ಈ ಕ್ಷೇತ್ರಕ್ಕೆ ಹೆಚ್ಚಾಗಿ ಬಾರದಿರುವುದಕ್ಕೆ ಲೆಕ್ಕಾಚಾರದ ಕಾರಣವಿದೆ. ಕನ್ನಡ ಪುಸ್ತಕೋದ್ಯಮ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು ಬಹಳವಾಗಿ ನೆಚ್ಚಿಕೊಂಡಿದೆ. ಆ ಖರೀದಿಯ ದರ ಪುಟದ ಲೆಕ್ಕದಲ್ಲಿ ನಿಗದಿಯಾಗುತ್ತದೆ. ಪುಟ ಕಡಿಮೆ, ಒಂದೊಂದು ಪುಟದ ಖರ್ಚು ಹೆಚ್ಚು ಎಂಬಂಥ ಕಲಾಗ್ರಂಥಕ್ಕೆ ಈ ಲೆಕ್ಕ ಒಗ್ಗುವುದಿಲ್ಲ.

ತಾಂತ್ರಿಕ ಅಡ್ಡಿ ಮಾತ್ರ ಕ್ರಮೇಣ ಕರಗಿತು. ಆಫ್‌ಸೆಟ್ ಮುದ್ರಣದಲ್ಲಿ ಅಕ್ಷರ ಮತ್ತು ಚಿತ್ರ ಎರಡೂ ಒಂದೇ ಪ್ಲೇಟಿನಿಂದ ಒಂದೇ ಕಾಗದದ ಮೇಲೆ ಬೀಳುತ್ತವೆ. ಬ್ಲಾಕು ಮಾಡಿಸುವ ಖರ್ಚು ಇಲ್ಲ. ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಪದ್ಧತಿ ಬಂದ ಮೇಲೆ ಚಿತ್ರವನ್ನು ಅದರ ಬಗೆಗಿನ ವಾಕ್ಯದ ಪಕ್ಕದಲ್ಲೇ ಕೂರಿಸುವುದು ಸಾಧ್ಯವಾಯಿತು. ಬೆಂಗಳೂರಿನ ಹೊರಪಟ್ಟಿ ಬೆಳೆದದ್ದೂ ಇದೇ ಕಾಲದಲ್ಲಿ. 1970ರ ದಶಕದಿಂದ ಬೆಳೆದ ಪೀಣ್ಯದಲ್ಲಿ ಯಂತ್ರಭಾಗಗಳ ಕಾರ್ಖಾನೆಗಳ ನಡುವೆ ಮುದ್ರಣ, ಪ್ಯಾಕೇಜಿಂಗ್ ಘಟಕಗಳೂ ನೆಲೆಯೂರಿದವು. ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್ 1978ರಲ್ಲಿ 332 ಎಕರೆಯಲ್ಲಿ ಆರಂಭಿಸಿದ ಎಲೆಕ್ಟ್ರಾನಿಕ್ ಸಿಟಿ ಮತ್ತು ಆಮೇಲೆ ಬೆಳೆದ ವೈಟ್‌ಫೀಲ್ಡ್‌ನಿಂದ ನಗರ ಕಂಪ್ಯೂಟರ್ ಕೆಲಸದ ಕೇಂದ್ರವಾಯಿತು. ವಿದೇಶಿ ಪ್ರಕಾಶಕರಿಗೆ ಪುಟವಿನ್ಯಾಸ ಮಾಡಿಕೊಡುವ ಉದ್ಯಮವೂ ಬೆಂಗಳೂರಿಗೆ ಬಂತು. ಒಳ್ಳೆಯ ಕಲಾಗ್ರಂಥಕ್ಕೆ ಬೇಕಾದ ಯಂತ್ರವೂ ಕೈಚಳಕವೂ ಈಗ ಊರೊಳಗೇ ಇವೆ.

ಹೊಸ ಶತಮಾನದಲ್ಲಿ ಪುಸ್ತಕಕ್ಕೆ ಪ್ರದರ್ಶನಾಲಯಗಳು ಜೊತೆಯಾದವು. ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದ ಬೆಂಗಳೂರು ಶಾಖೆ 2009ರಲ್ಲಿ ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ ತೆರೆಯಿತು. ಕಸ್ತೂರ್‌ಬಾ ರಸ್ತೆಯಲ್ಲಿ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯ 2023ರಲ್ಲಿ ಬಾಗಿಲು ತೆರೆಯಿತು. ಅದಕ್ಕೂ ಮೊದಲೇ, ವೆಂಕಟಪ್ಪ ಅರಮನೆಯ ವಿರುದ್ಧ ನ್ಯಾಯಾಲಯಕ್ಕೆ ಹೋದ ಪ್ರಸಂಗವನ್ನೂ ಒಳಗೊಂಡು ಇತಿಹಾಸಕಾರ್ತಿ ಜಾನಕಿ ನಾಯರ್ ಮಾಡಿದ ಅಧ್ಯಯನ ಆ ಚಿತ್ರಕಾರನನ್ನು ಹೊಸ ಬೆಳಕಿನಲ್ಲಿ ತೋರಿಸಿತು. ಸ್ವಾತಂತ್ರ್ಯ ಹೋರಾಟಗಾರರೂ 'ತಾಯಿನಾಡು' ಪತ್ರಿಕೆಯ ಸಂಪಾದಕರೂ ಆಗಿದ್ದ ರುಮಾಲೆ ಚನ್ನಬಸವಯ್ಯನವರ (1910–1988) ಚಿತ್ರಗಳು 'ವರ್ಣ ಮೈತ್ರಿ' ಎಂಬ ಸಂಪುಟದಲ್ಲಿ ಬಂದಿವೆ. ಅವರು ಬರೆದ ಬೆಂಗಳೂರಿನ ಹೂಮರಗಳ ಬೀದಿಗಳನ್ನು ಇಂದಿನ ಓದುಗ ಬಣ್ಣದಲ್ಲೇ ಕಾಣಬಹುದು. ಕಲಾವಿದ ರವಿಕುಮಾರ್ ಕಾಶಿಯವರ 'ಕಣ್ನೆಲೆ'ಯಂಥ ಪುಸ್ತಕಗಳು ಸಮಕಾಲೀನ ದೃಶ್ಯಕಲೆಯನ್ನು ಕನ್ನಡದಲ್ಲೇ ಚರ್ಚೆಗೆ ತಂದಿವೆ.

ಇನ್ನುಳಿದದ್ದು ಹಕ್ಕು ಮತ್ತು ಹಣದ ಪ್ರಶ್ನೆ. ಭಾರತದ ಕೃತಿಸ್ವಾಮ್ಯ ಕಾಯ್ದೆಯ ಸಾಮಾನ್ಯ ನಿಯಮದಂತೆ ಕಲಾವಿದ ತೀರಿಕೊಂಡ ವರ್ಷದ ಮರುವರ್ಷದಿಂದ 60 ವರ್ಷ ಅವನ ಕೃತಿಗಳ ಮೇಲೆ ಹಕ್ಕು ಇರುತ್ತದೆ. ಹೆಬ್ಬಾರರ ಚಿತ್ರಗಳಿಗೆ ಈ ಅವಧಿ 2056ರ ಕೊನೆಯವರೆಗೆ, ರುಮಾಲೆಯವರಿಗೆ 2048ರವರೆಗೆ. ವೆಂಕಟಪ್ಪನವರ ಲೆಕ್ಕದಲ್ಲಿ ಅದು 2025ರ ಡಿಸೆಂಬರ್ ಕೊನೆಯವರೆಗೆ ಮಾತ್ರ. ಅಲ್ಲಿಂದಾಚೆಗೆ ಅವರ ಊಟಿ, ಕೊಡೈಕೆನಾಲ್ ಜಲವರ್ಣಗಳನ್ನು ಕನ್ನಡ ಬರಹದೊಂದಿಗೆ ಪೂರ್ಣ ಬಣ್ಣದಲ್ಲಿ ಪ್ರಕಟಿಸಲು ಬೇಕಾದದ್ದು ಮೂಲ ಕೃತಿಗಳನ್ನು ಇಟ್ಟುಕೊಂಡಿರುವ ಸಂಗ್ರಹಾಲಯಗಳ ಸಹಕಾರ ಮತ್ತು ಅದಕ್ಕೆ ಹಣ ತೊಡಗಿಸುವ ಒಬ್ಬ ಪ್ರಕಾಶಕ.