ವರ್ಷದ ಓದಿನ ಲೆಕ್ಕ: ಗುಜರಾತಿನ ಮೂರು ಊರುಗಳಿಂದ

ವರ್ಷಕ್ಕೆ ಇಷ್ಟು ಪುಸ್ತಕ ಓದುತ್ತೇನೆಂದು ಮೊದಲೇ ಗೊತ್ತುಮಾಡಿಕೊಂಡು, ಓದಿದ್ದನ್ನು ಬರೆದಿಡುತ್ತ ಹೋಗುವುದೇ ವಾರ್ಷಿಕ ಓದಿನ ಗುರಿ. ಈಗಿನ ಓದುಗರಿಗೆ ಇದರ ಪರಿಚಯವಾದದ್ದು ಹೆಚ್ಚಾಗಿ ಗುಡ್‌ರೀಡ್ಸ್ ಜಾಲತಾಣದಿಂದ. ಅಲ್ಲಿ ಓದಿನ ಸವಾಲು ಶುರುವಾದದ್ದು 2011ರಲ್ಲಿ. ಜನವರಿಯಲ್ಲಿ ಐವತ್ತು ಎಂದು ಬರೆದು, ಮಾರ್ಚ್ ಹೊತ್ತಿಗೆ ಆ ಪುಟವನ್ನೇ ತೆರೆಯದವರು ಎಲ್ಲ ಊರಲ್ಲೂ ಇದ್ದಾರೆ. ಸೋಮಾರಿತನ ಎಂದು ಅವರನ್ನು ಬೈಯುವುದು ಸುಲಭ. ಆದರೆ ಬಹಳ ಸಲ ಕೆಡುವುದು ಬೇರೆ ಕಡೆ: ಮುಂದಿನ ಪುಸ್ತಕ ಕೈಗೆ ಸಿಗುವಲ್ಲಿ ಇರುವುದಿಲ್ಲ. ಈ ತೊಡಕನ್ನು ನೂರು ವರ್ಷಕ್ಕೂ ಹಿಂದೆಯೇ ಸರಿಯಾಗಿ ಗುರುತಿಸಿದ ಊರು ವಡೋದರಾ, ಆಗಿನ ಬರೋಡಾ.

ವಡೋದರಾ: ಪೆಟ್ಟಿಗೆಯಲ್ಲಿ ಬಂದ ಪುಸ್ತಕ

ಬರೋಡಾ ಸಂಸ್ಥಾನವನ್ನು 1875ರಿಂದ 1939ರವರೆಗೆ ಆಳಿದ ಮೂರನೆಯ ಸಯಾಜಿರಾವ್ ಗಾಯಕವಾಡರು ಪ್ರಾಥಮಿಕ ಶಿಕ್ಷಣವನ್ನು ಮೊದಲು ಅಮ್ರೇಲಿ ಭಾಗದಲ್ಲಿ, ಆಮೇಲೆ ಇಡೀ ಸಂಸ್ಥಾನದಲ್ಲಿ ಕಡ್ಡಾಯ ಮಾಡಿದರು. ಶಾಲೆ ಬಿಟ್ಟ ಹುಡುಗ ನಾಲ್ಕೇ ವರ್ಷದಲ್ಲಿ ಅಕ್ಷರ ಮರೆತರೆ ಆ ಖರ್ಚೆಲ್ಲ ನೀರಿಗೆ ಹಾಕಿದಂತೆ. ಓದು ಕಲಿಸಿದರೆ ಸಾಲದು, ಓದಲು ಏನಾದರೂ ಕೊಡುತ್ತಲೇ ಇರಬೇಕು. ಈ ತಿಳಿವಳಿಕೆ ಜನರ ನಡುವೆಯೂ ಇತ್ತು. ಶಿಕ್ಷಕರಾಗಿದ್ದ ಮೋತಿಭಾಯಿ ಅಮೀನ್ 1906ರ ಹೊತ್ತಿಗೇ ಮಿತ್ರಮಂಡಲದ ಹೆಸರಿನಲ್ಲಿ ಹಳ್ಳಿಗಳಲ್ಲಿ ವಾಚನಾಲಯ ಕಟ್ಟಲು ಹೊರಟಿದ್ದರು.

1910ರಲ್ಲಿ ಮಹಾರಾಜರು ಅಮೆರಿಕದ ನ್ಯೂಹೇವನ್‌ನಿಂದ ವಿಲಿಯಂ ಅಲನ್ಸನ್ ಬೋರ್ಡನ್ ಎಂಬ ಗ್ರಂಥಪಾಲಕರನ್ನು ಕರೆಸಿಕೊಂಡರು. ಬೋರ್ಡನ್ ಇದ್ದದ್ದು 1913ರವರೆಗೆ ಮಾತ್ರ. ಅಷ್ಟರಲ್ಲಿ ಮಹಾರಾಜರ ಸ್ವಂತ ಸಂಗ್ರಹದ ಸುಮಾರು 20,000 ಪುಸ್ತಕಗಳ ಮೇಲೆ ಸೆಂಟ್ರಲ್ ಲೈಬ್ರರಿ ನಿಂತಿತು. 1911ರಲ್ಲಿ ಗ್ರಂಥಪಾಲಕರ ತರಬೇತಿ ತರಗತಿ ಆರಂಭವಾಯಿತು. ಮರುವರ್ಷ ‘ಲೈಬ್ರರಿ ಮಿಸೆಲೆನಿ’ ಎಂಬ ಪತ್ರಿಕೆ ಇಂಗ್ಲಿಷ್, ಗುಜರಾತಿ, ಮರಾಠಿ ಮೂರರಲ್ಲೂ ಹೊರಬಂತು. ಗ್ರಂಥಾಲಯಶಾಸ್ತ್ರ ಎಂದರೆ ನಮಗೆ ನೆನಪಾಗುವ ಎಸ್. ಆರ್. ರಂಗನಾಥನ್ ತಮ್ಮ ಪಂಚಸೂತ್ರಗಳನ್ನು ಪ್ರಕಟಿಸಿದ್ದು 1931ರಲ್ಲಿ. ಪುಸ್ತಕ ಇರುವುದು ಬಳಸಲಿಕ್ಕೆ ಎಂಬ ಅವರ ಮೊದಲ ಸೂತ್ರ ಬರೋಡಾದಲ್ಲಿ ಅದಾಗಲೇ ಎತ್ತಿನ ಗಾಡಿಯಲ್ಲಿ, ರೈಲಿನಲ್ಲಿ ಓಡಾಡುತ್ತಿತ್ತು.

ಓಡಾಡುತ್ತಿದ್ದದ್ದು ಸಂಚಾರಿ ಗ್ರಂಥಾಲಯ. ಗಟ್ಟಿಮುಟ್ಟಾದ ಮರದ ಪೆಟ್ಟಿಗೆ, ಒಳಗೆ ಹದಿನೈದರಿಂದ ಮೂವತ್ತು ಪುಸ್ತಕ. ಊರಲ್ಲಿ ಜವಾಬ್ದಾರಿ ಹೊರುವವರೊಬ್ಬರು ಕೇಳಿದರೆ ಪೆಟ್ಟಿಗೆ ಬರುತ್ತಿತ್ತು, ಸಾಗಣೆಯ ಖರ್ಚು ಸರ್ಕಾರದ್ದು. ಅವಧಿ ಮುಗಿದ ಮೇಲೆ ಅದು ವಾಪಸಾಗಿ ಬೇರೆ ಪೆಟ್ಟಿಗೆ ಬರುತ್ತಿತ್ತು. ಓದುವ ರೂಢಿಯ ಗುಟ್ಟೆಲ್ಲ ಈ ಪೆಟ್ಟಿಗೆಯಲ್ಲಿದೆ ಎಂದು ನನಗನ್ನಿಸುತ್ತದೆ. ಆಯ್ಕೆ ಮಿತವಾಗಿದೆ, ಎಲ್ಲವೂ ಕಣ್ಣೆದುರಿಗಿದೆ, ಹಿಂದಿರುಗಿಸುವ ದಿನ ಗೊತ್ತಿದೆ, ಪಕ್ಕದ ಮನೆಯವರೂ ಅದೇ ಪುಸ್ತಕಕ್ಕೆ ಕಾಯುತ್ತಿದ್ದಾರೆ. ಫೋನಿನಲ್ಲಿ ಸಾವಿರಾರು ಪುಸ್ತಕ ತುಂಬಿಕೊಂಡವರಿಗೆ ಈ ನಾಲ್ಕರಲ್ಲಿ ಒಂದೂ ಇಲ್ಲ.

ಇನ್ನೊಂದು ಜಾಣತನ ಹಣದ್ದು. ಊರಿನವರು ವಂತಿಗೆ ಎತ್ತಿದರೆ, ಗೊತ್ತಾದ ಮಿತಿಯೊಳಗೆ, ಅಷ್ಟೇ ಹಣವನ್ನು ಪ್ರಾಂತ ಪಂಚಾಯತಿಯೂ ಅಷ್ಟೇ ಹಣವನ್ನು ಸರ್ಕಾರವೂ ಕೊಡುತ್ತಿದ್ದವು. ಕೈಯಿಂದ ದುಡ್ಡು ಹಾಕಿದವರು ವಾಚನಾಲಯದ ಬಾಗಿಲು ತೆರೆದಿದೆಯೇ ಎಂದು ವಿಚಾರಿಸದೆ ಇರುವುದಿಲ್ಲ. ಓದು ಬಾರದವರನ್ನೂ ಬಿಡಲಿಲ್ಲ. ಅವರಿಗೆಂದು ಮ್ಯಾಜಿಕ್ ಲ್ಯಾಂಟರ್ನ್ ಚಿತ್ರಗಳ ಪ್ರದರ್ಶನ ನಡೆಯುತ್ತಿತ್ತು.

ವಡೋದರಾದ ಮಾಂಡವಿಯಲ್ಲಿರುವ ಸೆಂಟ್ರಲ್ ಲೈಬ್ರರಿಯ ಈಗಿನ ಕಟ್ಟಡಕ್ಕೆ ಪುಸ್ತಕಗಳು ಬಂದದ್ದು 1931ರಲ್ಲಿ. ಉಕ್ಕಿನ ಕಪಾಟುಗಳ ಅಂತಸ್ತುಗಳ ನಡುವೆ ಗಾಜಿನ ನೆಲ. ಮೇಲಿನ ಬೆಳಕು ಕೆಳಗಿನ ಸಾಲಿಗೂ ಇಳಿಯಲಿ, ಬೆಂಕಿಯ ಭಯವೂ ಕಡಿಮೆಯಾಗಲಿ ಎಂದು ಮಾಡಿದ ಏರ್ಪಾಡು. ಆ ಊರಿಗೆ ಹೋದವರು ಲಕ್ಷ್ಮೀವಿಲಾಸ ಅರಮನೆಯ ಜೊತೆಗೆ ಇದನ್ನೂ ನೋಡಿ ಬರಬೇಕು.

ಕನ್ನಡದ ಒಬ್ಬ ದೊಡ್ಡ ಓದುಗರಿಗೂ ಈ ಸೀಮೆಯ ನಂಟಿದೆ. ಎಸ್. ಎಲ್. ಭೈರಪ್ಪನವರು ಅಹಮದಾಬಾದ್‌ಗೂ ವಡೋದರಾಗೂ ನಡುವೆ ಇರುವ ವಲ್ಲಭ ವಿದ್ಯಾನಗರದ ಸರ್ದಾರ್ ಪಟೇಲ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಪಾಠ ಹೇಳಿದವರು. ‘ಸತ್ಯ ಮತ್ತು ಸೌಂದರ್ಯ’ದ ಅಧ್ಯಯನಕ್ಕೆ ಅವರಿಗೆ ಡಾಕ್ಟರೇಟ್ ಕೊಟ್ಟದ್ದು ಬರೋಡಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯ.

ಅಹಮದಾಬಾದ್: ಗಾಂಧಿಯ ವೇಳಾಪಟ್ಟಿ

1922ರ ಮಾರ್ಚ್ 18ರಂದು ಅಹಮದಾಬಾದಿನಲ್ಲಿ ಗಾಂಧೀಜಿಗೆ ಆರು ವರ್ಷದ ಶಿಕ್ಷೆಯಾಯಿತು. ಯೆರವಡೆ ಜೈಲಿನಲ್ಲಿ ಅವರು ಇದ್ದದ್ದು ಸುಮಾರು ಎರಡು ವರ್ಷ. 1924ರ ಜನವರಿಯಲ್ಲಿ ಅಪೆಂಡಿಸೈಟಿಸ್ ಶಸ್ತ್ರಚಿಕಿತ್ಸೆ, ಫೆಬ್ರುವರಿಯಲ್ಲಿ ಬಿಡುಗಡೆ. ಅಷ್ಟರಲ್ಲಿ ಓದಿದ್ದು ಸುಮಾರು 150 ಪುಸ್ತಕ. ಮಹಾಭಾರತ, ಗಿಬ್ಬನ್‌ನ ರೋಮ್ ಇತಿಹಾಸ, ಗಯಟೆಯ ‘ಫೌಸ್ಟ್’, ಜೂಲ್ಸ್ ವರ್ನ್‌ನ ಸಾಹಸಕಥೆ ಎಲ್ಲವೂ ಅದರಲ್ಲಿದ್ದವು. ಓದಿದ್ದನ್ನು ಡೈರಿಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ಅವರ ಲೆಕ್ಕ ಪುಸ್ತಕದ್ದಲ್ಲ, ಗಂಟೆಯದು: ದಿನಕ್ಕೆ ಸುಮಾರು ಆರು ಗಂಟೆ ಓದುಬರಹ, ನಾಲ್ಕು ಗಂಟೆ ಹಂಜಿ ಮತ್ತು ನೂಲು. ಜೈಲಿನಲ್ಲಿ ಬೇರೇನು ಕೆಲಸ ಎನ್ನಬಹುದು. ಅದೇ ಜೈಲಿನಲ್ಲಿ ಅಷ್ಟೇ ಬಿಡುವಿದ್ದ ಉಳಿದವರೆಲ್ಲ ನೂರೈವತ್ತು ಓದಲಿಲ್ಲ.

1933ರಲ್ಲಿ ಸಾಬರಮತಿ ಆಶ್ರಮವನ್ನು ವಿಸರ್ಜಿಸಿದಾಗ ಅಲ್ಲಿನ ಸಾವಿರಾರು ಪುಸ್ತಕಗಳನ್ನು ಗಾಂಧೀಜಿ ಊರಿಗೇ ಕೊಟ್ಟರು. ಎಲ್ಲಿಸ್ ಸೇತುವೆಯ ಬಳಿ 1938ರಲ್ಲಿ ತೆರೆದ ಶೇಠ್ ಮಾಣೆಕ್‌ಲಾಲ್ ಜೇಠಾಭಾಯಿ ಗ್ರಂಥಾಲಯದ ಬುನಾದಿ ಅದೇ. ಊರಿನವರ ಬಾಯಲ್ಲಿ ಅದು ಎಂ.ಜೆ. ಲೈಬ್ರರಿ. ಹಳೆ ಪುಸ್ತಕ ಬೇಕಾದವರಿಗೆ ಗಾಂಧಿ ರಸ್ತೆಯ ಫರ್ನಾಂಡಿಸ್ ಸೇತುವೆಯ ಕೆಳಗಿನ ಅಂಗಡಿಗಳಿವೆ, ನದಿ ದಂಡೆಯಲ್ಲಿ ಭಾನುವಾರದ ರವಿವಾರಿ ಸಂತೆಯಿದೆ. ಅಗ್ಗದ ಬೆಲೆಗೆ ಒಳ್ಳೆಯ ಪುಸ್ತಕ ಎಂದು ಭಿಕ್ಷು ಅಖಂಡಾನಂದರು 1907ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಸಸ್ತು ಸಾಹಿತ್ಯ ಸಂಸ್ಥೆಯೂ ಮುಂದೆ ಈ ಊರಿಗೇ ಬಂತು.

ರಾಜ್ಯ ಹುಟ್ಟಿ ಐವತ್ತು ವರ್ಷವಾದ 2010ರಲ್ಲಿ ಸರ್ಕಾರ ‘ವಾಂಚೆ ಗುಜರಾತ್’ ಎಂಬ ಓದಿನ ಆಂದೋಲನ ನಡೆಸಿತು. ಓದಿದ ಪುಸ್ತಕವನ್ನು ಕೈಯಿಂದ ಕೈಗೆ ದಾಟಿಸುವ ‘ತರತಾ ಪುಸ್ತಕ’, ಅಂದರೆ ತೇಲುವ ಪುಸ್ತಕದ ಯೋಜನೆಯೂ ಅದರೊಳಗಿತ್ತು. ಇಂಥ ಆಂದೋಲನಗಳಿಂದ ಗದ್ದಲ ಒಂದು ವರ್ಷದ್ದು, ಲಾಭ ಹಂಚಿಹೋದ ಪುಸ್ತಕಗಳಷ್ಟೇ ಎಂಬುದು ನನ್ನ ಅಭಿಪ್ರಾಯ.

ಸೂರತ್

ವಜ್ರ ಮತ್ತು ಬಟ್ಟೆಯ ಊರು ಎಂದು ಹೆಸರಾದ ಸೂರತ್‌ನಲ್ಲಿ ಆಂಡ್ರ್ಯೂಸ್ ಲೈಬ್ರರಿ 1850ರಿಂದಲೇ ಇದೆ. 1858ರಲ್ಲಿ ಶಾಲೆಯ ಕೆಲಸ ಬಿಟ್ಟು ಲೇಖನಿಯನ್ನೇ ನಂಬಿದ ಕವಿ ನರ್ಮದ್ ಇಲ್ಲಿಯವರು. ಬಹುಪಾಲು ಒಬ್ಬರೇ ದುಡಿದು ಅವರು ಸಿದ್ಧಪಡಿಸಿದ ‘ನರ್ಮಕೋಶ’ ನಿಘಂಟು ಇಡಿಯಾಗಿ ಬಂದದ್ದು 1873ರಲ್ಲಿ. ನಗರಪಾಲಿಕೆಯ ಕೇಂದ್ರ ಗ್ರಂಥಾಲಯಕ್ಕೆ ಅವರದೇ ಹೆಸರು. ದಿನವಿಡೀ ಕಣ್ಣಿಗೆ ಕೆಲಸ ಕೊಡುವ ವಜ್ರ ಪಾಲಿಶಿನಂಥ ಕಸುಬಿನವರಿಗೆ ರಾತ್ರಿ ಅಚ್ಚಿನ ಪುಟ ಹಿಡಿಸದು. ಅವರು ಕಿವಿಯಲ್ಲಿ ಕೇಳಿದ ಪುಸ್ತಕವನ್ನೂ ಓದಿನ ಲೆಕ್ಕಕ್ಕೆ ಸೇರಿಸಲೇಬೇಕು.

ಎಣಿಸುವುದು ಏನನ್ನು?

ಹೆಸರು ಎಣಿಸುವ ಗುರಿಯಲ್ಲಿ ಒಂದು ದೋಷವಿದೆ. ಎಂಬತ್ತು ಪುಟದ ಕವನ ಸಂಕಲನವೂ ಒಂದು, ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕೂಡ ಒಂದೇ. ಡಿಸೆಂಬರ್ ಬಂದಂತೆ ಲೆಕ್ಕ ತುಂಬಿಸಲು ಕೈ ತಾನಾಗಿ ತೆಳು ಪುಸ್ತಕದ ಕಡೆ ಹೋಗುತ್ತದೆ. ಪುಟ ಎಣಿಸಿದರೆ ಈ ಮೋಸ ಇಲ್ಲ. ದಿನಕ್ಕೆ ಹತ್ತು ಪುಟ, ಅಂದರೆ ಇಪ್ಪತ್ತು ನಿಮಿಷ, ಎಂದಿಟ್ಟುಕೊಳ್ಳಿ: ವರ್ಷಕ್ಕೆ 3,650 ಪುಟ. ಇನ್ನೂರು ಪುಟದವಾದರೆ ಹದಿನೆಂಟು ಪುಸ್ತಕ. ಏಳುನೂರು ಪುಟದ ಕಾದಂಬರಿ ಹಿಡಿದರೆ ಎಪ್ಪತ್ತು ದಿನ ಅದರಲ್ಲೇ ಇರಬಹುದು, ಹಿಂದೆ ಬಿದ್ದೆವೆಂಬ ಕಳವಳವಿಲ್ಲ. ಬರೆದಿಡಲು ಒಂದು ನೋಟ್‌ಬುಕ್ ಸಾಕು: ಹೆಸರು, ಮುಗಿಸಿದ ತಾರೀಖು, ಯಾರಿಂದ ಬಂತು, ಎರಡು ಸಾಲು ಅನಿಸಿಕೆ. ಅರ್ಧಕ್ಕೆ ಬಿಟ್ಟದ್ದನ್ನೂ, ಬಿಟ್ಟ ಪುಟದ ಸಂಖ್ಯೆಯ ಸಮೇತ, ಬರೆಯಿರಿ. ದೀಪಾವಳಿ ವಿಶೇಷಾಂಕ ಓದಿದ್ದು ಯಾವ ಆ್ಯಪ್‌ನಲ್ಲೂ ದಾಖಲಾಗುವುದಿಲ್ಲ, ನೋಟ್‌ಬುಕ್ಕಿನಲ್ಲಿ ಆಗುತ್ತದೆ.

ವರ್ಷ ಜನವರಿಯಲ್ಲೇ ಶುರುವಾಗಬೇಕೆಂದೂ ಇಲ್ಲ. ನಮಗೆ ಬಲಿಪಾಡ್ಯಮಿಯಾದ ದಿನ ಗುಜರಾತಿಗಳಿಗೆ ಬೇಸತು ವರಸ್, ಹೊಸ ವರ್ಷ. ದೀಪಾವಳಿಯಲ್ಲಿ ಚೋಪಡಾ ಪೂಜೆ ಮಾಡಿ ವ್ಯಾಪಾರಿಗಳು ಹೊಸ ಲೆಕ್ಕದ ಪುಸ್ತಕ ತೆರೆಯುತ್ತಾರೆ. ಶಾಲೆಗಳಿಗೂ ಆಗ ದೀರ್ಘ ರಜೆ. ಓದಿನ ಖಾತೆ ತೆರೆಯಲು ಪರೀಕ್ಷೆಯ ಜನವರಿಗಿಂತ ಇದೇ ಮೇಲು.

ಅಲ್ಲಿರುವ ಕನ್ನಡ ಓದುಗರಿಗೆ

ಉದ್ಯೋಗಕ್ಕೆಂದು ಈ ಊರುಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಬರೋಡಾದ ಹಳ್ಳಿಯವರದೇ ಕಷ್ಟ: ಓದುವ ಮನಸ್ಸಿದೆ, ಪುಸ್ತಕ ದೂರದಲ್ಲಿದೆ. 2016ರಲ್ಲಿ ಕಿಂಡಲ್ ಐದು ಭಾರತೀಯ ಭಾಷೆಗಳ ಪುಸ್ತಕ ಮಾರಾಟ ಘೋಷಿಸಿದಾಗ ಗುಜರಾತಿ ಇತ್ತು, ಕನ್ನಡ ಇರಲಿಲ್ಲ. ಆ ಕೊರತೆಯನ್ನು ತಕ್ಕಮಟ್ಟಿಗೆ ತುಂಬಿದ್ದು 2020ರಲ್ಲಿ ಬಂದ ಮೈಲ್ಯಾಂಗ್ ಆ್ಯಪ್. ಅದರಲ್ಲಿ ಇ-ಪುಸ್ತಕದ ಜೊತೆ ಕೇಳುವ ಪುಸ್ತಕವೂ ಇದೆ. ಅಚ್ಚಿನ ಪುಸ್ತಕಕ್ಕೆ ಹಳೆಯ ಮಾದರಿಯೊಂದಿದೆ. ಧಾರವಾಡದಲ್ಲಿ ಜಿ. ಬಿ. ಜೋಶಿಯವರು 1933ರಲ್ಲಿ ಕಟ್ಟಿದ ಮನೋಹರ ಗ್ರಂಥಮಾಲೆ ಚಂದಾದಾರರಿಗೆ ವರ್ಷದ ಪುಸ್ತಕಗಳನ್ನು ಕಳಿಸುತ್ತ ಬಂದದ್ದು. ನಾಲ್ಕೈದು ಮನೆಯವರು ಸೇರಿ ವರ್ಷಕ್ಕೊಮ್ಮೆ ಒಟ್ಟಿಗೆ ತರಿಸಿಕೊಂಡು ಸರದಿಯಲ್ಲಿ ಓದಿದರೆ ಬೋರ್ಡನ್ನರ ಪೆಟ್ಟಿಗೆಯೇ ಸಿದ್ಧವಾದಂತೆ.

ಕಳಿಸುವ ಖರ್ಚೂ ಈಗ ಹೆಚ್ಚಲ್ಲ. ಅಂಚೆ ಇಲಾಖೆ 2025ರ ಮೇ 1ರಿಂದ ಪುಸ್ತಕಗಳಿಗೆಂದೇ ಜ್ಞಾನ ಪೋಸ್ಟ್ ಸೇವೆ ಆರಂಭಿಸಿದೆ. ಆರಂಭದ ದರ 300 ಗ್ರಾಂವರೆಗೆ 20 ರೂಪಾಯಿ, ಐದು ಕಿಲೋಗೆ 100 ರೂಪಾಯಿ, ತೆರಿಗೆ ಬೇರೆ. ಐದು ಕಿಲೋ ಎಂದರೆ ಇನ್ನೂರು ಪುಟದ ಪುಸ್ತಕ ಸುಮಾರು ಇಪ್ಪತ್ತು. ದಿನಕ್ಕೆ ಹತ್ತು ಪುಟ ಓದುವವರಿಗೆ ಒಂದು ವರ್ಷ ಪೂರ್ತಿ ಸಾಕು.