ಬೇಸಾಯದಲ್ಲಿ ಮಹಿಳೆ: ಅರ್ಧ ಶತಮಾನದ ಅಧ್ಯಯನ

ಕೃಷಿಯಲ್ಲಿ ಮಹಿಳೆಯರ ಪಾತ್ರವನ್ನು ಕುರಿತ ಶಾಸ್ತ್ರೀಯ ಅಧ್ಯಯನವು 1970ರಲ್ಲಿ ಪ್ರಕಟವಾದ, ಡೆನ್ಮಾರ್ಕಿನ ಅರ್ಥಶಾಸ್ತ್ರಜ್ಞೆ ಎಸ್ಟರ್ ಬೋಸರಪ್ ಅವರ ಗ್ರಂಥದಿಂದ ಆರಂಭವಾಯಿತೆಂದು ಹೇಳುವುದು ವಾಡಿಕೆ. ಕಾಡು ಕಡಿದು, ಗುದ್ದಲಿಯಿಂದ ನೆಲ ಕೆದಕಿ, ಕೆಲವು ವರ್ಷ ಬೆಳೆ ತೆಗೆದು ಮುಂದಕ್ಕೆ ಸಾಗುವ ಆಫ್ರಿಕಾದ ಕುಮರಿ ಬೇಸಾಯದಲ್ಲಿ ಹೆಂಗಸರೇ ಮುಖ್ಯ ಕೃಷಿಕರಾಗಿದ್ದರೆ, ನೇಗಿಲು ಬಳಕೆಗೆ ಬಂದ ಏಷ್ಯಾದ ಬಯಲುಗಳಲ್ಲಿ ಉಳುಮೆ ಗಂಡಸರ ಪಾಲಾಗಿ, ಹೆಂಗಸರಿಗೆ ನಾಟಿ, ಕಳೆ, ಕೊಯ್ಲು ಉಳಿದವೆಂಬುದು ಅವರ ವಾದದ ತಿರುಳು. ಇದಕ್ಕಿಂತ ಹೆಚ್ಚು ಚರ್ಚೆಗೆ ಒಳಗಾದದ್ದು ಅವರ ಎರಡನೆಯ ಮಾತು: ವಸಾಹತು ಅಧಿಕಾರಿಗಳೂ ಅವರ ನಂತರ ಬಂದ ಅಭಿವೃದ್ಧಿ ತಜ್ಞರೂ ವಾಣಿಜ್ಯ ಬೆಳೆ, ಹೊಸ ಉಪಕರಣ, ತರಬೇತಿಗಳನ್ನು ಗಂಡಸರಿಗೇ ಒದಗಿಸಿದ್ದರಿಂದ ಇಬ್ಬರ ಉತ್ಪಾದಕತೆಯ ಅಂತರ ಪ್ರಗತಿಯ ಹೆಸರಿನಲ್ಲೇ ಹಿಗ್ಗಿತು. 1981ರಲ್ಲಿ ಅರ್ಥಶಾಸ್ತ್ರಜ್ಞೆಯರಾದ ಲೂರ್ದೆಸ್ ಬೆನೆರಿಯಾ ಮತ್ತು ಮುಂದೆ ಬೆಂಗಳೂರಿನ ಐಐಎಂನಲ್ಲಿ ಪ್ರಾಧ್ಯಾಪಕಿಯಾದ ಗೀತಾ ಸೇನ್ ಈ ವಾದವನ್ನು ವಿಮರ್ಶಿಸಿ, ಮಹಿಳೆಯರನ್ನು ಅಭಿವೃದ್ಧಿಯೊಳಗೆ ಸೇರಿಸಿಕೊಂಡರೆ ಸಾಲದು, ಆ ಅಭಿವೃದ್ಧಿಯ ಸ್ವರೂಪವನ್ನೂ ಅಡುಗೆ, ನೀರು, ಮಕ್ಕಳ ಪಾಲನೆಯಂಥ ಲೆಕ್ಕಕ್ಕೆ ಬಾರದ ದುಡಿಮೆಯನ್ನೂ ಪ್ರಶ್ನೆಗೆ ಒಳಪಡಿಸಬೇಕೆಂದರು.

ಭಾರತದಲ್ಲಿ ಮೊದಲ ತೊಡಕು ಎದುರಾದದ್ದು ಎಣಿಕೆಯಲ್ಲಿ. 1961 ಮತ್ತು 1971ರ ಜನಗಣತಿಗಳ ನಡುವೆ ದುಡಿಯುವ ಮಹಿಳೆಯರ ಪ್ರಮಾಣ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಅದರ ದೊಡ್ಡ ಪಾಲಿಗೆ ಕಾರಣ ಅವರು ಹೊಲ ಬಿಟ್ಟದ್ದಲ್ಲ, ಪ್ರತಿಯೊಬ್ಬರ ಮುಖ್ಯ ಚಟುವಟಿಕೆ ಯಾವುದೆಂದು ಕೇಳುವ ಹೊಸ ಪದ್ಧತಿ. ಬೆಳಗಿನಿಂದ ಕೊಟ್ಟಿಗೆ, ಹೊಲ, ಕಣಗಳ ನಡುವೆ ಓಡಾಡುವವರೂ ಆ ಪ್ರಶ್ನೆಗೆ ಮನೆಗೆಲಸವೆಂದೇ ಉತ್ತರಿಸುವುದು, ಅಥವಾ ಅವರ ಪರವಾಗಿ ಮನೆಯ ಯಜಮಾನ ಹಾಗೆ ಬರೆಸುವುದು ಸಾಮಾನ್ಯವಾಗಿತ್ತು. ಭಾರತದ ಮಹಿಳೆಯರ ಸ್ಥಾನಮಾನ ಕುರಿತ ಸಮಿತಿಯ 1974ರ ‘ಸಮಾನತೆಯೆಡೆಗೆ’ ವರದಿಯೂ ಇಳಾ ಭಟ್ ಅಧ್ಯಕ್ಷತೆಯ ಆಯೋಗದ 1988ರ ‘ಶ್ರಮಶಕ್ತಿ’ ವರದಿಯೂ ಮಹಿಳೆಯರ ದುಡಿಮೆಯ ಸ್ಥಿತಿಗತಿಯನ್ನು ಬೆಳಕಿಗೆ ತಂದ ಮೇಲೆ, 1991ರ ಗಣತಿಯ ಪ್ರಶ್ನೆಯಲ್ಲಿ ಸ್ವಂತ ಹೊಲದ ಸಂಬಳವಿಲ್ಲದ ದುಡಿಮೆ ಸ್ಪಷ್ಟವಾಗಿ ಸೇರಿತು. ಇದೇ ಉತ್ಸಾಹದಲ್ಲಿ, ಜಗತ್ತಿನ ಆಹಾರದ ಶೇ 60ರಿಂದ 80ರಷ್ಟನ್ನು ಮಹಿಳೆಯರೇ ಬೆಳೆಯುತ್ತಾರೆಂಬ ಮಾತು ಭಾಷಣದಿಂದ ಭಾಷಣಕ್ಕೆ ಹಬ್ಬಿತು. ಗಂಡು ಹೆಣ್ಣು ಕೂಡಿ ದುಡಿದ ಹೊಲದ ಫಸಲನ್ನು ಹೀಗೆ ಪಾಲು ಮಾಡಿ ಹೇಳಲಾಗದೆಂದು ಅರ್ಥಶಾಸ್ತ್ರಜ್ಞೆ ಶೆರಿಲ್ ಡಾಸ್ ತೋರಿಸಿಕೊಟ್ಟರೂ ಆ ಅಂಕಿ ಇನ್ನೂ ಸತ್ತಿಲ್ಲ. ನ್ಯಾಯವಾದ ಬೇಡಿಕೆಗೆ ಆಧಾರವಿಲ್ಲದ ಅಂಕಿಯ ಊರುಗೋಲು ಬೇಕಿರಲಿಲ್ಲ.

ಎರಡನೆಯ ಘಟ್ಟದಲ್ಲಿ ಗಮನ ದುಡಿಮೆಯಿಂದ ಒಡೆತನದ ಕಡೆಗೆ ಹೊರಳಿತು. ಡೆನ್ಮಾರ್ಕಿನ ನೆರವಿನಿಂದ 1980ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲಿ ಶುರುವಾದ ತರಬೇತಿ ಯೋಜನೆ, ಅದುವರೆಗೆ ಗಂಡಸರನ್ನೇ ಹುಡುಕಿ ಹೋಗುತ್ತಿದ್ದ ಕೃಷಿ ವಿಸ್ತರಣೆಯನ್ನು, ಅಂದರೆ ಸಂಶೋಧನೆಯ ತಿಳಿವಳಿಕೆಯನ್ನು ಹೊಲಕ್ಕೆ ಮುಟ್ಟಿಸುವ ಕೆಲಸವನ್ನು, ರೈತ ಮಹಿಳೆಯರ ಬಳಿಗೆ ನೇರವಾಗಿ ಒಯ್ದಿತು. ಆದರೆ ಕಲಿತದ್ದನ್ನು ಪ್ರಯೋಗಿಸಲು ಸ್ವಂತ ತುಂಡು ನೆಲವಿಲ್ಲದವರಿಗೆ ತರಬೇತಿ ಎಷ್ಟು ದೂರ ಬಂದೀತು? ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆಯ ಬೆನ್ನಲ್ಲಿ ನಡೆದ ಭೂಸುಧಾರಣೆ ಗೇಣಿದಾರ ಕುಟುಂಬಗಳಿಗೆ ನೆಲ ಕೊಟ್ಟಿತು ನಿಜ, ಆದರೆ ಹಕ್ಕುಪತ್ರದಲ್ಲಿ ಸಾಮಾನ್ಯವಾಗಿ ಕೂತದ್ದು ಯಜಮಾನನ ಹೆಸರು. ಬಿಹಾರದ ಬೋಧಗಯಾದಲ್ಲಿ ಮಠದ ಜಮೀನಿಗಾಗಿ 1970ರ ದಶಕದ ಕೊನೆಯಲ್ಲಿ ಹೋರಾಡಿದ ಭೂಹೀನ ಮಹಿಳೆಯರು ತಮ್ಮ ಹೆಸರಿಗೇ ನೆಲ ಬೇಕೆಂದು ಪಟ್ಟು ಹಿಡಿದದ್ದು ಈ ದೃಷ್ಟಿಯಿಂದ ದೊಡ್ಡ ತಿರುವು. ಅರ್ಥಶಾಸ್ತ್ರಜ್ಞೆ ಬೀನಾ ಅಗರವಾಲ್ 1994ರ ತಮ್ಮ ಬೃಹತ್ ಗ್ರಂಥದಲ್ಲಿ ಭೂಮಿಯ ಹಕ್ಕನ್ನು ದಕ್ಷಿಣ ಏಷ್ಯಾದ ಮಹಿಳೆಯರ ಸ್ಥಾನಮಾನದ ಕೇಂದ್ರಕ್ಕೆ ತಂದರು. ಅದೇ ವರ್ಷ ಕರ್ನಾಟಕವು ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ, ಆಗಲೇ ಮದುವೆಯಾದವರನ್ನು ಬಿಟ್ಟು, ಹುಟ್ಟಿನಿಂದಲೇ ಪಾಲು ಕೊಡುವ ತಿದ್ದುಪಡಿಯನ್ನು ಹಿಂದೂ ಉತ್ತರಾಧಿಕಾರ ಕಾನೂನಿಗೆ ತಂದಿತು. ದೇಶಕ್ಕೆಲ್ಲ ಅನ್ವಯಿಸುವ ಕಾನೂನು ಬಂದದ್ದು 2005ರಲ್ಲಿ. ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ಪಾಲು ಬಿಟ್ಟುಕೊಟ್ಟು ಸಹಿ ಹಾಕುವ ಅಕ್ಕತಂಗಿಯರ ವಿಷಯದಲ್ಲಿ ಕಾನೂನಿನ ಕೈ ಇಂದಿಗೂ ಗಿಡ್ಡವೇ. 2015–16ರ ಕೃಷಿ ಗಣತಿಯ ಪ್ರಕಾರ ಮಹಿಳೆಯರು ನಡೆಸುವ ಹಿಡುವಳಿಗಳು ದೇಶದಲ್ಲಿ ಶೇ 14ರಷ್ಟು ಮಾತ್ರ.

ಇಷ್ಟರಲ್ಲಿ ಸಂಶೋಧಕರು ಹೊಸಿಲು ದಾಟಿ ಮನೆಯೊಳಗೆ ಹೋಗಿದ್ದರು. ಬುರ್ಕಿನಾ ಫಾಸೋದಲ್ಲಿ ಗಂಡ ಹೆಂಡತಿ ಬೇರೆ ಬೇರೆ ತುಂಡುಗಳನ್ನು ಸಾಗುವಳಿ ಮಾಡುವ ರೂಢಿಯಿದೆ. ಒಂದೇ ಮನೆಯವರು ಒಂದೇ ವರ್ಷ ಒಂದೇ ಬೆಳೆ ಇಟ್ಟರೂ ಹೆಂಡತಿಯ ತುಂಡಿನ ಇಳುವರಿ ಕಡಿಮೆಯಿರುವುದನ್ನು 1996ರಲ್ಲಿ ಅರ್ಥಶಾಸ್ತ್ರಜ್ಞ ಕ್ರಿಸ್ಟೋಫರ್ ಉಡ್ರಿ ತೋರಿಸಿದರು. ಕೊಟ್ಟಿಗೆ ಗೊಬ್ಬರ ಬಹುಮಟ್ಟಿಗೆ ಗಂಡನ ತುಂಡಿಗೇ ಹೋಗುತ್ತಿತ್ತು. ಮನೆಯೆಂಬುದು ಒಂದೇ ಮನಸ್ಸಿನ ಘಟಕವೆಂದು ನಂಬಿದ್ದ ಅರ್ಥಶಾಸ್ತ್ರಕ್ಕೆ ಇದು ಸಣ್ಣ ಪೆಟ್ಟಲ್ಲ.

ಹಸಿರುಕ್ರಾಂತಿಯ ತಂತ್ರಜ್ಞಾನ ಮಹಿಳೆಯರ ಕೆಲಸ ಕಿತ್ತುಕೊಂಡಿತೋ ಹೆಚ್ಚಿಸಿತೋ ಎಂಬ ವಾದಕ್ಕೆ ಒಂದೇ ಉತ್ತರ ದೊರೆತಿಲ್ಲ. ಕಳೆನಾಶಕವೂ ನಾಟಿಯಂತ್ರವೂ ಅವರ ಕೂಲಿಯ ದಿನಗಳನ್ನು ನುಂಗಿದವು. ಇನ್ನೊಂದೆಡೆ ರಾಣೆಬೆನ್ನೂರು ಸುತ್ತಿನ ಹೈಬ್ರಿಡ್ ಹತ್ತಿಬೀಜದ ಹೊಲಗಳು ಹೊಸ ಕೆಲಸ ಸೃಷ್ಟಿಸಿದವು. ಮರುದಿನ ಅರಳಲಿರುವ ಮೊಗ್ಗನ್ನು ಹಿಂದಿನ ದಿನವೇ ಆರಿಸಿ, ಉಗುರಿನಿಂದ ದಳವನ್ನೂ ಕೇಸರಗಳನ್ನೂ ಬಿಡಿಸಿ, ಬೆಳಗ್ಗೆ ಗಂಡು ತಳಿಯ ಹೂವನ್ನು ತಂದು ಅದರ ಪರಾಗವನ್ನು ಆ ಮೊಗ್ಗಿನ ಶಲಾಕಾಗ್ರಕ್ಕೆ ಸವರುವ ಈ ಕೆಲಸ ಒಂದೊಂದು ಮೊಗ್ಗಿಗೂ ಕೈಯಿಂದಲೇ ಆಗಬೇಕು. ಇದನ್ನು ಹೆಂಗಸರ ಮತ್ತು ಎಳೆಯ ಹುಡುಗಿಯರ ‘ನಾಜೂಕು ಬೆರಳಿನ’ ಕೆಲಸವೆಂದು ಹೊಗಳಲಾಗುತ್ತದೆ, ಆದರೆ ಕೂಲಿ ನಿಗದಿ ಮಾಡುವಾಗ ಆ ನಾಜೂಕು ಕುಶಲತೆಯೆಂದು ಲೆಕ್ಕಕ್ಕೆ ಬರುವುದಿಲ್ಲ.

ಇತ್ತೀಚಿನ ಬರವಣಿಗೆಯಲ್ಲಿ ಕೇಳಿಬರುವುದು ‘ಕೃಷಿಯ ಮಹಿಳೀಕರಣ’, ಅಂದರೆ ಗಂಡಸರು ಪೇಟೆಯ ದುಡಿಮೆಗೆ ಹೊರಟಂತೆ ಬೇಸಾಯದಲ್ಲಿ ಮಹಿಳೆಯರ ಪಾಲು ಏರುವುದು. 2023–24ರ ಕಾರ್ಮಿಕ ಸಮೀಕ್ಷೆಯಲ್ಲಿ ಗ್ರಾಮೀಣ ಭಾರತದ ದುಡಿಯುವ ಮಹಿಳೆಯರಲ್ಲಿ ಸುಮಾರು ಶೇ 77 ಮಂದಿ ಕೃಷಿಯಲ್ಲಿದ್ದರೆ, ಗಂಡಸರಲ್ಲಿ ಅರ್ಧಕ್ಕೂ ಕಡಿಮೆ. ಇದನ್ನು ಸಬಲೀಕರಣವೆಂದು ಓದುವುದು ಅವಸರವಾದೀತು, ಏಕೆಂದರೆ ಬದಲಾದದ್ದು ಹೊಲದಲ್ಲಿ ನಿಲ್ಲುವವರು, ಪಹಣಿಯಲ್ಲಿ ಹೆಸರಿರುವವರಲ್ಲ. ಪಹಣಿಯಿಲ್ಲದೆ ಬೆಳೆಸಾಲ, ವಿಮೆ, ಪರಿಹಾರ ಎಲ್ಲಕ್ಕೂ ತೊಡಕು.

ಇದಕ್ಕೊಂದು ದಾರಿಯಾಗಿ ಅಗರವಾಲ್ ಗುಂಪು ಬೇಸಾಯವನ್ನು ಅಧ್ಯಯನ ಮಾಡಿದರು. ಕೇರಳ ಸರ್ಕಾರದ ಬಡತನ ನಿರ್ಮೂಲನ ಕಾರ್ಯಕ್ರಮವಾದ ಕುಟುಂಬಶ್ರೀಯ ಮಹಿಳಾ ಗುಂಪುಗಳು ನೆಲವನ್ನು ಗೇಣಿಗೆ ಹಿಡಿದು ಬಾಳೆ, ತರಕಾರಿ ಬೆಳೆದು, ಬಹುಪಾಲು ಗಂಡಸರೇ ನಡೆಸುವ ಒಂಟಿ ಹಿಡುವಳಿಗಳಿಗಿಂತ ಹೆಕ್ಟೇರಿಗೆ ಸುಮಾರು 1.8 ಪಟ್ಟು ಮೌಲ್ಯದ ಉತ್ಪನ್ನ ಪಡೆದವು; ಮುಖ್ಯವಾಗಿ ಧಾನ್ಯ ಬೆಳೆದ ತೆಲಂಗಾಣದ ಗುಂಪುಗಳು ಇಳುವರಿಯಲ್ಲಿ ಹಿಂದೆ ಬಿದ್ದರೂ ಕೂಲಿಯ ಖರ್ಚು ಉಳಿದದ್ದರಿಂದ ನಿವ್ವಳ ಆದಾಯದಲ್ಲಿ ಸರಿಸಮ ನಿಂತವು. ಆದರೆ ಕೇರಳದಲ್ಲಿ ಗೇಣಿಗೆ ಕಾನೂನಿನ ಮಾನ್ಯತೆ ಇಲ್ಲದ್ದರಿಂದ ಈ ಒಪ್ಪಂದಗಳು ಬಾಯಿಮಾತಿನವು. ಗೇಣಿ ಪದ್ಧತಿಯನ್ನು 1974ರಲ್ಲೇ ರದ್ದುಪಡಿಸಿದ ಕರ್ನಾಟಕದಲ್ಲಿಯೂ ಇಂಥ ಗುಂಪು ನೆಲ ಹಿಡಿಯಲು ಹೊರಟರೆ ಮೊದಲು ಎದುರಾಗುವುದು ಇದೇ ಅಡ್ಡಿ.