ಬಿಡಿಭಾಗಗಳಿಂದ ಎದ್ದ ಕಂಪ್ಯೂಟರ್

ಬೇರೆ ಬೇರೆ ಕಂಪನಿಗಳ ಬಿಡಿಭಾಗ ಸೇರಿಸಿ ಕಂಪ್ಯೂಟರ್ ಜೋಡಿಸುವ ರೂಢಿಗೆ ದಾರಿ ತೆರೆದದ್ದು 1981ರ ಐಬಿಎಂ ಪಿಸಿ. ಅದರ ತಾಂತ್ರಿಕ ವಿವರಗಳು ಬಹಿರಂಗವಾಗಿದ್ದರಿಂದ, ಹೊಂದುವ ಭಾಗಗಳನ್ನು ಹಲವರು ತಯಾರಿಸತೊಡಗಿದರು.

ಕರ್ನಾಟಕದಲ್ಲಿ ಈ ಕಸುಬಿಗೆ ದೊಡ್ಡ ನೆಲೆಯಾದದ್ದು ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆ. ಜನರ ಬಾಯಲ್ಲಿ ಎಸ್‌.ಪಿ. ರೋಡ್. ಮದರ್‌ಬೋರ್ಡ್, ರ‍್ಯಾಮ್, ಕ್ಯಾಬಿನೆಟ್ ಆರಿಸಿ ಕೊಟ್ಟರೆ ಅಂಗಡಿಯವರೇ ಜೋಡಿಸಿಕೊಡುತ್ತಿದ್ದರು. ಬ್ರ್ಯಾಂಡೆಡ್ ಯಂತ್ರ ಕೈಗೆಟುಕದ ಎಷ್ಟೋ ಮನೆಗಳಿಗೆ ಮೊದಲು ಬಂದದ್ದು ಈ ‘ಅಸೆಂಬಲ್ಡ್’ ಕಂಪ್ಯೂಟರೇ.

ಬಳಿಕ 2006ರಲ್ಲಿ ಹಳೆಯ ವಸ್ತುಗಳನ್ನು ಮಾರುವ, ಕೊಳ್ಳುವ ಜಾಲತಾಣ ಓಎಲ್‌ಎಕ್ಸ್ ಹುಟ್ಟಿತು. ಇಂಥ ತಾಣಗಳಿಂದಾಗಿ ಹರಿಹರ ತಾಲ್ಲೂಕಿನ ಕೊಂಡಜ್ಜಿಯಲ್ಲಿ ಕುಳಿತೇ ಹಳೆಯ ಬಿಡಿಭಾಗ ಹುಡುಕಬಹುದು.

ಕೊಳ್ಳುವ ಮೊದಲು ಪ್ರೊಸೆಸರ್, ಮದರ್‌ಬೋರ್ಡಿನ ಸಾಕೆಟ್ ಹೊಂದುತ್ತವೆಯೇ ನೋಡಿ. ಭಾಗಗಳಿಗೆ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಮಾತ್ರ ಹೊಸದನ್ನೇ ಹಾಕಿಸಿ. ಅದು ಕೆಟ್ಟರೆ ಉಳಿದ ಭಾಗಗಳೂ ಸುಟ್ಟುಹೋಗಬಹುದು.